ಲಾರಿಯಲ್ಲಿ ಕಲಿತ ಹೆಸರುಗಳು

ಯಾರಾದರೂ ಒಂದು ಸಂಗತಿಯನ್ನು ಎರಡು ಸಲ ಒಂದೇ ಥರ ಹೇಳಿದರೆ ನನಗೆ ಅನುಮಾನ ಬರುತ್ತದೆ. ನಿಜವಾಗಿ ನೆನಪಿರುವವರು ಹಾಗೆ ಹೇಳುವುದಿಲ್ಲ. ಒಂದು ಸಲ ಅವತ್ತು ಮಳೆ ಬಂದಿತ್ತು ಅನ್ನುತ್ತಾರೆ, ಇನ್ನೊಂದು ಸಲ ಸುಡುಬಿಸಿಲು ಅನ್ನುತ್ತಾರೆ, ಮೂರನೇ ಸಲ ಮಳೆ ಬಿಸಿಲು ಎರಡನ್ನೂ ಮರೆತು ಯಾರೋ ಹಾಕಿಕೊಂಡಿದ್ದ ಅಂಗಿಯ ಬಗ್ಗೆ ಮಾತಾಡುತ್ತಾರೆ. ಈ ಬುದ್ಧಿ ನನಗೆ ಬಂದದ್ದು ಅಜ್ಜಿಯ ಕತೆಗಳನ್ನು ಕೇಳಿ ಕೇಳಿ. ಅವಳ ಅಪ್ಪನ ಒಂಟೆ ಒಂದು ವಾರ ಬಿಳಿ, ಇನ್ನೊಂದು ವಾರ ಕಂದು. ಅವಳ ಮದುವೆಗೆ ಕಡಿದ ಕುರಿಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಲೇ ಹೋದವು. ನಾನು ಅದನ್ನು ಎತ್ತಿ ತೋರಿಸಿದರೆ, ಒಂಟೆ ನಿಮ್ಮಪ್ಪಂದಾ ನಮ್ಮಪ್ಪಂದಾ ಎಂದು ಗದರುತ್ತಿದ್ದಳು. ಅವಳು ಎಂದೂ ಬದಲಿಸದೆ, ಒಂದೇ ಉಸಿರಿನಲ್ಲಿ, ಅದೇ ಮಾತುಗಳಲ್ಲಿ ಹೇಳುತ್ತಿದ್ದ ಕತೆ ಒಂದೇ ಒಂದು. ಅದು ಲಾರಿ ಡ್ರೈವರ್ ರೋಬ್ಲೆಯದು.

ನಾವು ಸೊಮಾಲಿಯಾದವರು. ನನಗೆ ನಾಲ್ಕು ವರ್ಷವಾಗಿದ್ದಾಗ, ಯುದ್ಧದಲ್ಲಿ ಅಪ್ಪ ಸತ್ತ ಮೇಲೆ, ಅಜ್ಜಿ, ಅಮ್ಮ ಮತ್ತು ನಾನು ಒಂದು ಲಾರಿ ಹತ್ತಿ ಊರು ಬಿಟ್ಟೆವು. ಗಡಿಯಾಚೆಯ ಶಿಬಿರದಲ್ಲಿ ಒಂದಷ್ಟು ಕಾಲ ಇದ್ದು, ಅಮ್ಮನ ಕಾಲಿನ ಆಪರೇಷನ್ನಿಗೆಂದು ಬೆಂಗಳೂರಿಗೆ ಬಂದೆವು; ನಿರಾಶ್ರಿತರ ಕಾರ್ಡು ಸಿಕ್ಕಿತು, ಇಲ್ಲೇ ಉಳಿದೆವು. ಮನೆ ಸಿಕ್ಕಿದ್ದು ಚಿಕ್ಕಬಾಣಾವರದಲ್ಲಿ, ರೈಲ್ವೆ ಗೇಟಿನಿಂದ ಸ್ವಲ್ಪ ಒಳಗೆ. ಅಲ್ಲಿನ ಗೌರಮ್ಮ ಎಂಬವರು, ಹೊಲವೆಲ್ಲ ಲೇಔಟಾಗಿ ಹೋದ ಮೇಲೆ, ಕೊಟ್ಟಿಗೆಯ ಪಕ್ಕ ಸಾಲಾಗಿ ನಾಲ್ಕು ಶೀಟಿನ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಕೊಟ್ಟಿಗೆಗೆ ಅಂಟಿಕೊಂಡಿದ್ದದ್ದು ನಮ್ಮದು. ಒಂದು ಕೋಣೆ, ಮೂಲೆಯಲ್ಲಿ ಕಡಪ ಕಲ್ಲಿನ ಅಡುಗೆ ಕಟ್ಟೆ, ನಾಲ್ಕು ಮನೆಗೂ ಸೇರಿ ಹಿಂದುಗಡೆ ಒಂದು ಬಚ್ಚಲು. ಗೋಡೆಯ ಆಚೆ ಹಸು ಮೈ ಉಜ್ಜಿಕೊಂಡರೆ ಈಚೆ ನಮ್ಮ ತಟ್ಟೆಗಳು ಸದ್ದು ಮಾಡುತ್ತಿದ್ದವು. ಅಮ್ಮ ಬೆಳಗ್ಗೆ ಷೇರ್ ಆಟೋ ಹಿಡಿದು ಪೀಣ್ಯದ ಒಂದು ಗಾರ್ಮೆಂಟ್ಸಿಗೆ ಹೋಗಿ, ಹೊಲಿದ ಬಟ್ಟೆಗಳ ಉಳಿದ ದಾರ ಕತ್ತರಿಸುತ್ತಿದ್ದಳು. ಹಗಲೆಲ್ಲ ಮನೆಯಲ್ಲಿ ಅಜ್ಜಿ ಮತ್ತು ನಾನು.

ಅಜ್ಜಿಗೆ ಅನುಮಾನವಿಲ್ಲದ ವಸ್ತುವೇ ಇರಲಿಲ್ಲ. ಗೌರಮ್ಮ ಎದುರಿಗೇ ಕರೆದು ಕೊಟ್ಟ ಹಾಲನ್ನೂ ಮೂಸಿ ನೋಡುತ್ತಿದ್ದಳು. ಟ್ರಂಕಿನ ಮುಚ್ಚಳಕ್ಕೆ ತನ್ನದೇ ಒಂದು ಕೂದಲನ್ನು ಅಡ್ಡ ಇಟ್ಟು ಹೊರಗೆ ಹೋಗುತ್ತಿದ್ದಳು; ಬಂದ ಮೇಲೆ ಕೂದಲು ಜಾಗದಲ್ಲಿದೆಯೇ ಎಂದು ಮೊದಲು ನೋಡುತ್ತಿದ್ದಳು. ನಮ್ಮ ಕಡೆ ಮಾಡುವ ಅಂಜೇರೋ ಎಂಬ ತಿಂಡಿ ಥೇಟ್ ದೋಸೆಯೇ, ಒಂದೇ ಕಡೆ ಬೇಯಿಸುವುದಷ್ಟೇ ವ್ಯತ್ಯಾಸ. ಗೌರಮ್ಮ ದೋಸೆ ಹಿಟ್ಟು ಕೊಟ್ಟರೆ ಅಜ್ಜಿ ಮೊದಲ ಅಂಜೇರೋವನ್ನು ತಾನು ತಿಂದು, ಅರ್ಧ ಗಂಟೆ ಗೋಡೆಗೆ ಒರಗಿ ಕೂತು, ತನಗೇನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆ ನನಗೆ ಹಾಕುತ್ತಿದ್ದಳು. ಗೌರಮ್ಮನೇನೂ ಕಡಿಮೆ ಇರಲಿಲ್ಲ. ಊಟವಾದ ಮೇಲೆ ಅಜ್ಜಿ ಮಣ್ಣಿನ ಪುಟ್ಟ ಪಾತ್ರೆಯಲ್ಲಿ ಕೆಂಡ ಹಾಕಿ ಧೂಪ ಹಾಕುವುದನ್ನು ನೋಡಿ, ಮಾಟ ಮಾಡುತ್ತಾಳೆಂದು ನಾಲ್ಕು ದಿನ ಹಸುವನ್ನು ಬೇರೆ ಕಡೆ ಕಟ್ಟಿದ್ದರು. ಐದನೇ ದಿನ ಬಾಗಿಲಿಗೆ ಬಂದು ನಿಂತು ಮೂಗರಳಿಸಿದರು.

"ಇದು ನಮ್ಮ ಸಾಂಬ್ರಾಣಿನೇ ಅಲ್ವೇನೇ? ಇದಕ್ಯಾಕೆ ನಾನು ಎದ್ರುಕೊಂಡೆ?"

ಹೆದರಿಕೆ ಹೋದ ಮೇಲೆ ಕುತೂಹಲ ಬಂತು. ಆಗಲೇ ನಾನು ಅವರ ಹಿಂದೆ ಮುಂದೆ ತಿರುಗುತ್ತಾ ಕನ್ನಡ ಕಲಿತಿದ್ದೆ. ಅವರನ್ನು ದೊಡ್ಡಮ್ಮ ಅನ್ನುತ್ತಿದ್ದೆ.

"ಸಾಬ್ರು ಅಂತ ಗೊತ್ತಾಯ್ತು. ಅದ್ರಾಗೆ ನೀವು ಯಾವ ಪೈಕಿ? ಯಾವ ಜನ? ನಿಮ್ಮಜ್ಜೀನ ಕೇಳು ಮಗಾ."

ನಾನು ಅದನ್ನು ಸೊಮಾಲಿಗೆ ತಿರುಗಿಸಿದ್ದೇ ತಡ, ಅಜ್ಜಿ ಕೈಯಲ್ಲಿದ್ದ ಲೋಟ ಕೆಳಗಿಟ್ಟು ನನ್ನನ್ನು ಒಳಗೆಳೆದುಕೊಂಡು ಬಾಗಿಲು ಹಾಕಿದಳು. ಗೌರಮ್ಮ ಹೊರಗೆ ನಿಂತು, ನಾನೇನು ಅನ್ನಬಾರದ್ದು ಅಂದೆ ಎಂದು ಗೊಣಗುತ್ತಾ ಹೋದದ್ದು ಕೇಳಿಸಿತು. ಪಾಪ, ಅವರಿಗೆ ಅದು ಬೀದಿಯಲ್ಲಿ ಸಿಕ್ಕ ಯಾರಿಗಾದರೂ ಕೇಳುವ ಮಾತು. ನಮಗೆ ಅದು ಪ್ರಾಣದ ಪ್ರಶ್ನೆಯಾಗಿತ್ತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ನಮ್ಮ ಮನೆಯಲ್ಲಿ ನಡೆಯುತ್ತಿದ್ದದ್ದು ಸೊಮಾಲಿ ಮಾತು. ಅದನ್ನು ಕನ್ನಡಕ್ಕೆ ತಂದಾಗಲೆಲ್ಲ ಅಜ್ಜಿ ಸ್ವಲ್ಪ ಗೌರಮ್ಮನಂತೆಯೇ ಮಾತಾಡುತ್ತಾಳೆ. ಏನು ಮಾಡಲಿ, ಅಡುಗೆ ಕಟ್ಟೆಯ ಪಕ್ಕ ಆಡುವ ಕನ್ನಡ ನನಗೆ ಗೊತ್ತಿರುವುದು ಅದೊಂದೇ.

ನಮ್ಮಲ್ಲಿ ಮಗುವಿಗೆ ಮಾತು ಬಂದ ಕೂಡಲೇ ಅಪ್ಪ, ಅಪ್ಪನ ಅಪ್ಪ, ಅವನ ಅಪ್ಪ, ಹೀಗೆ ಹತ್ತು ಹದಿನೈದು ತಲೆಮಾರಿನ ಹೆಸರುಗಳನ್ನು ಬಾಯಿಪಾಠ ಮಾಡಿಸುತ್ತಾರೆ. ಗುರುತಿಲ್ಲದ ಇಬ್ಬರು ಎದುರಾದರೆ ತಂತಮ್ಮ ಪಟ್ಟಿ ಹೇಳುತ್ತಾ ಹೋಗುತ್ತಾರೆ. ಎಲ್ಲಿ ಒಂದೇ ಹೆಸರು ಬರುತ್ತದೋ ಅಲ್ಲಿ ನಿಲ್ಲಿಸಿ, ಓ ನೀನು ನಮ್ಮವನೇ ಎಂದು ಚಹಾ ತರಿಸುತ್ತಾರೆ. ಅಜ್ಜಿಯ ಕಾಲದಲ್ಲಿ ಅದು ಅಷ್ಟೇ ಆಗಿತ್ತು. ಯುದ್ಧ ಬಂದ ಮೇಲೆ ರಸ್ತೆಗೆ ಅಡ್ಡವಾಗಿ ದಿಮ್ಮಿ ಹಾಕಿ ಬಂದೂಕು ಹಿಡಿದು ನಿಂತವರೂ ಅದನ್ನೇ ಕೇಳತೊಡಗಿದರು. ಒಂದು ತಡೆಯಲ್ಲಿ ಒಂದು ಕುಲದವರು, ಮುಂದಿನ ತಡೆಯಲ್ಲಿ ಅವರ ಹಗೆಗಳು. ಪಟ್ಟಿ ತಪ್ಪಿದರೆ ಕೆಳಗಿಳಿಸುತ್ತಿದ್ದರು, ಇಳಿದವರು ಮತ್ತೆ ಹತ್ತುತ್ತಿರಲಿಲ್ಲ. ದೊಡ್ಡವರು ಸುಳ್ಳು ಹೇಳುತ್ತಾರೆಂದು ಅವರಿಗೂ ಗೊತ್ತಿತ್ತು. ಅದಕ್ಕೇ ಲಾರಿಯಲ್ಲಿ ಮಕ್ಕಳಿದ್ದರೆ ಮಕ್ಕಳನ್ನು ಕೇಳುತ್ತಿದ್ದರು.

ಶುಕ್ರವಾರ ಬೆಳಗ್ಗೆ ಅಜ್ಜಿ ನನ್ನನ್ನು ಮೊಣಕಾಲುಗಳ ನಡುವೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿ ಸಣ್ಣ ಸಣ್ಣ ಜಡೆ ಹೆಣೆಯುತ್ತಿದ್ದಳು. ಒಂದು ಜಡೆಗೆ ಒಂದು ಹೆಸರು. ಸಹ್ರಾ ಅಂದರೆ ನಾನು. ನೂರ್ ನನ್ನ ಅಪ್ಪ. ಆಮೇಲೆ ಗೇದಿ, ವರ್ಸಮೆ, ಹಿರ್ಸಿ. ತಡವರಿಸಿದರೆ ಜಡೆಯನ್ನು ಜಗ್ಗುತ್ತಿದ್ದಳು. ನಾನು ತಡವರಿಸುತ್ತಲೇ ಇದ್ದೆ. ಏಕೆಂದರೆ ನನ್ನ ಬಾಯಲ್ಲಿ ಇನ್ನೊಂದು ಪಟ್ಟಿ ಇತ್ತು, ಅದು ಎಣ್ಣೆ ಹಚ್ಚಿದಷ್ಟು ಸಲೀಸಾಗಿ ಬರುತ್ತಿತ್ತು: ರೋಬ್ಲೆ, ಸಮತರ್, ಗೂಲೇದ್, ಲಿಬಾನ್, ಅವಾಲೆ, ದೀರಿಯೆ. ಅದು ನನ್ನ ಬಾಯಿಂದ ಬಂದ ದಿನ ಅಜ್ಜಿ ಕೆನ್ನೆಗೆ ಹೊಡೆದಿದ್ದಳು.

"ಅದು ರಸ್ತೆದು. ರಸ್ತೆ ಮುಗೀತು. ಮನೇಲಿ ಹೇಳಬಾರದು."

"ರೋಬ್ಲೆ ಯಾರು?"

"ಲಾರಿ ಡ್ರೈವರು. ಒಳ್ಳೆಯವನು. ಅವನ ಜನದ ತಡೆ ಬಂದಾಗ ನೀನು ಅವನ ಮಗಳು ಅನ್ಬೇಕಾಗಿತ್ತು, ಅದಕ್ಕೆ ಅವನ ಹೆಸರುಗಳನ್ನ ನಿಂಗೆ ಕಲಿಸ್ದ. ಗಡಿ ಹತ್ರ ಬೇವಿನ ಮರದ ಕೆಳಗೆ ನಮ್ಮನ್ನ ಇಳಿಸ್ದ. ನೀರಿನ ಕ್ಯಾನು ಕೊಟ್ಟ. ಲಾರಿ ತಿರುಗಿಸ್ಕೊಂಡು ಹೋದ."

ಎಷ್ಟು ಸಲ ಕೇಳಿದರೂ ಬೇವಿನ ಮರ, ನೀರಿನ ಕ್ಯಾನು, ಲಾರಿ ತಿರುಗಿಸಿಕೊಂಡು ಹೋದ. ಮರ ಒಮ್ಮೆಯೂ ಜಾಲಿಯಾಗಲಿಲ್ಲ. ನೀರು ಒಮ್ಮೆಯೂ ಖರ್ಜೂರವಾಗಲಿಲ್ಲ. ಒಂಟೆಯ ಬಣ್ಣ ನೆನಪಿಡದ ಅಜ್ಜಿಗೆ ಈ ಕ್ಯಾನು ಮಾತ್ರ ಹೇಗೆ ನೆನಪಿರುತ್ತದೆ ಎಂದು ನನಗೆ ಆಗಲೇ ಗುಮಾನಿ. ಅಮ್ಮನನ್ನು ಕೇಳಿದರೆ ಅವಳು ಏನಾದರೊಂದು ಕೆಲಸ ಹುಡುಕಿಕೊಂಡು ಎದ್ದು ಹೋಗುತ್ತಿದ್ದಳು.

ನನ್ನನ್ನು ಸರ್ಕಾರಿ ಶಾಲೆಗೆ ಸೇರಿಸಿದವರು ಗೌರಮ್ಮ. ಬಾಗಿಲು ಹಾಕಿಸಿಕೊಂಡದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ, ಈ ಮಗು ಇಂಗೇ ಕೊಟ್ಟಿಗೇಲಿ ಬೆಳೆದ್ರೆ ಕರು ಆಗೋಯ್ತದೆ ಎಂದು ಕೈ ಹಿಡಿದು ಕರೆದುಕೊಂಡು ಹೋದರು. ಹೆಡ್‌ಮೇಷ್ಟ್ರು ಅಪ್ಪನ ಹೆಸರು ಕೇಳಿದರು. ಟೋಪಿ ಹಾಕಿಕೊಂಡ ಅಪರಿಚಿತ ಗಂಡಸು, ಎದುರಿಗೊಂದು ಮೇಜು, ಅಪ್ಪನ ಹೆಸರೇನು ಎಂಬ ಪ್ರಶ್ನೆ. ನನ್ನ ಬಾಯಿ ತಾನಾಗಿಯೇ ರೋಬ್ಲೆ ಅಂದಿತು. ಅವರು ಬರೆದುಕೊಂಡರು. ಮನೆಗೆ ಬಂದು ಹೇಳಿದಾಗ ಅಜ್ಜಿ ಹೊಡೆಯಲಿಲ್ಲ. ಶಾಲೆಯಲ್ಲಿ ನಾನು ಬಾಯಿಪಾಠಕ್ಕೆ ಹೆಸರಾದೆ. ಮಗ್ಗಿ, ಪದ್ಯ, ಸಂವತ್ಸರಗಳ ಹೆಸರು, ಒಮ್ಮೆ ಕೇಳಿದರೆ ಸಾಕು, ನಿಲ್ಲಿಸದೆ ಒಪ್ಪಿಸುತ್ತಿದ್ದೆ. ಆದರೆ ಮೇಷ್ಟ್ರು ತಲೆ ನೇವರಿಸಿ ಭೇಷ್ ಅಂದರೆ ನನಗೆ ವಾಂತಿ ಬರುವಂತಾಗುತ್ತಿತ್ತು. ಉಳಿದ ಮಕ್ಕಳು ಹೊಗಳಿಕೆಗೆ ಸಾಯುತ್ತಿದ್ದರು, ನನಗೆ ಮಾತ್ರ ಏಕೆ ಹೀಗೆ ಎಂದು ತಿಳಿಯುತ್ತಿರಲಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಬಷೀರ್ ಬಂದ. ಮೇಲಿನ ರಸ್ತೆಯ ಕಾಲೇಜುಗಳಲ್ಲಿ ಆಫ್ರಿಕಾದ ಹುಡುಗರು ಅನೇಕರು ಓದುತ್ತಿದ್ದರು. ಇವನು ಫಾರ್ಮಸಿ ಓದಲು ಬಂದಿದ್ದ ಸೊಮಾಲಿ. ಸ್ಟೇಷನ್ ಕಡೆಯಿಂದ ನಡೆದು ಬರುವಾಗ ನಮ್ಮ ಧೂಪದ ವಾಸನೆ ಮೂಗಿಗೆ ಬಡಿದು, ತನ್ನ ಮನೆಯ ಬಾಗಿಲಲ್ಲೇ ನಿಂತಂತೆ ಆಯಿತಂತೆ. ಕೈಯಲ್ಲಿ ಒಂದು ಚಿಪ್ಪು ಬಾಳೆಹಣ್ಣು ಹಿಡಿದು ಹೊರಗೆ ನಿಂತಿದ್ದ. ಅಜ್ಜಿ ಹೊಸಿಲು ದಾಟಿಸದೆ ಅವನ ಪಟ್ಟಿ ಕೇಳಿದಳು. ಅವನು ಸಂಕೋಚವಿಲ್ಲದೆ ಹೇಳಿದ: ಬಷೀರ್, ಆದೆನ್, ಯೂಸುಫ್, ಇಸ್ಮಾಯಿಲ್, ಜಾಮ, ದೀರಿಯೆ. ದೀರಿಯೆ ಎಂಬ ಹೆಸರು ಕೇಳಿದ್ದೇ ನನಗೆ ಸಂತೋಷವಾಗಿ ಹೋಯಿತು. ಆ ಹೆಸರು ನನಗೆ ಗೊತ್ತು, ಬೇರೆ ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದ ಹೆಸರು ಬೀದಿಯಲ್ಲಿ ನಿಂತವನ ಬಾಯಿಂದ ಬಂದಿತ್ತು. ಅಜ್ಜಿಯ ಕೈ ನನ್ನ ಬಾಯಿಗೆ ಬರುವಷ್ಟರಲ್ಲಿ ನಾನು ಅಲ್ಲಿಯವರೆಗಿನ ಪಟ್ಟಿ ಒಪ್ಪಿಸಿಬಿಟ್ಟಿದ್ದೆ: ಸಹ್ರಾ, ರೋಬ್ಲೆ, ಸಮತರ್, ಗೂಲೇದ್, ಲಿಬಾನ್, ಅವಾಲೆ, ದೀರಿಯೆ.

ಬಷೀರ್ ಬೆರಳು ಮಡಿಚಿ ಎಣಿಸಿದ. ಎಣಿಸಿ ಮುಗಿಯುವಾಗ ಅವನ ಕಣ್ಣು ತುಂಬಿತ್ತು.

"ತಂಗಿ, ನೀನು ನಮ್ಮವಳು ಕಣೇ."

ಅಜ್ಜಿ ಆಗ ಒಂದು ಮಾತು ಆಡಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಆಡಲಿಲ್ಲ. ಹೆದರಿಕೆಯೋ, ಇಷ್ಟು ವರ್ಷಗಳ ಮೇಲೆ ತನ್ನ ಭಾಷೆಯಲ್ಲಿ ಅಮ್ಮಾ ಎಂದು ಕರೆಯುವ ಒಬ್ಬನನ್ನು ಬಾಗಿಲಿಂದ ಕಳಿಸಲು ಮನಸ್ಸಾಗಲಿಲ್ಲವೋ, ನಾನು ಹೇಳಲಾರೆ. ಪಕ್ಕಕ್ಕೆ ಸರಿದು ಒಳಗೆ ಬಿಟ್ಟಳು. ಅನ್ನದ ಮೇಲೆ ಬಾಳೆಹಣ್ಣು ಸುಲಿದಿಟ್ಟು ಕೊಟ್ಟಳು. ನಾವು ಹಾಗೇ ತಿನ್ನುವುದು. ಗೌರಮ್ಮನಿಗೆ ನಾನೇ ಓಡಿ ಹೋಗಿ ಹೇಳಿದೆ. ಏಳನೇ ತಲೆಮಾರಲ್ಲಿ ಸೇರ್ತಾರೆ ಅಂದ್ರೆ ದಾಯಾದಿಗಳು ಅನ್ನು, ನಮ್ಮಲ್ಲಾದ್ರೆ ಕೋರ್ಟಿಗೆ ಓಗ್ತಾರೆ, ನಿಮ್ಮಲ್ಲಿ ಬಾಳೆಅಣ್ಣು ತತ್ತಾರೆ, ಎಂದು ನಕ್ಕರು. ಅಂದಿನಿಂದ ಪ್ರತಿ ಶುಕ್ರವಾರ ಬಷೀರ್ ನಮ್ಮ ಮನೆಗೆ ಊಟಕ್ಕೆ ಬರತೊಡಗಿದ. ನನಗೆ ಅಣ್ಣನೊಬ್ಬ ಸಿಕ್ಕಿದ್ದ. ಶಾಲೆಯ ಗೇಟಿನ ಹತ್ತಿರ ಅವನು ನಿಂತರೆ ನನ್ನ ಕೂದಲನ್ನು ಎಳೆದು ನೋಡುತ್ತಿದ್ದ ಹುಡುಗಿಯರು ದೂರ ಸರಿಯುತ್ತಿದ್ದರು.

ಒಳಗೆ ಮಾತ್ರ ಜಗಳ ಹೊಗೆಯಾಡುತ್ತಿತ್ತು. ಒಂದು ಭಾನುವಾರ ಈರುಳ್ಳಿ ಹೆಚ್ಚುತ್ತಿದ್ದ ಅಮ್ಮ ಚಾಕುವನ್ನು ಕಲ್ಲಿನ ಮೇಲೆ ಇಟ್ಟಳು.

"ಅವನಿಗೆ ನಿಜ ಹೇಳಿಬಿಡಿ ಅತ್ತೆ. ಸುಳ್ಳು ಅನ್ನ ಎಷ್ಟು ದಿನ ಬಡಿಸ್ತೀರಿ?"

"ನಿಜ ಹೇಳೋಕೆ ಹೋದ್ರೆ ಪೂರ್ತಿ ಹೇಳ್ಬೇಕಾಗುತ್ತೆ. ಆಮೇಲೆ ಅದು ಯಾರ ತಲೆ ಮೇಲೆ ಬೀಳುತ್ತೆ, ನೋಡ್ಕೋ."

ಇಬ್ಬರೂ ಒಟ್ಟಿಗೇ ನನ್ನ ಕಡೆ ನೋಡಿದರು. ನಾನು ಮನೆಪಾಠ ಬರೆಯುತ್ತಿದ್ದವಳಂತೆ ತಲೆ ತಗ್ಗಿಸಿದೆ. ಅನುಮಾನ ಎಂಬುದು ಅಂದಿನವರೆಗೆ ಬೇರೆಯವರ ಮೇಲೆ ಇಡುವ ಕಣ್ಣಾಗಿತ್ತು. ಅಂದಿನಿಂದ ನಾನು ನನ್ನ ಮೇಲೆಯೇ ಕಣ್ಣಿಡತೊಡಗಿದೆ.

ಎರಡು ತಿಂಗಳಾಗಿರಬೇಕು. ಒಂದು ಶುಕ್ರವಾರ ಬಷೀರ್ ಬಂದ, ಚಪ್ಪಲಿ ಬಿಡಲಿಲ್ಲ. ಅಜ್ಜಿ ಚಹಾ ಲೋಟ ಚಾಚಿದಳು, ಕೈ ಮುಂದೆ ಬರಲಿಲ್ಲ. ಇಂಥ ಕಡೆ ನಮ್ಮ ರೋಬ್ಲೆಯ ಹೆಂಡತಿ, ಮಗಳು, ಒಬ್ಬ ಮುದುಕಿ ಸಿಕ್ಕಿದ್ದಾರೆಂದು ಅವನು ಖುಷಿಯಿಂದ ಊರಿಗೆ ಫೋನು ಮಾಡಿದ್ದನಂತೆ. ಸುದ್ದಿ ಬಾಯಿಂದ ಬಾಯಿಗೆ ಹೋಗಿ ರೋಬ್ಲೆಯ ಸ್ವಂತ ತಾಯಿಯನ್ನು ಮುಟ್ಟಿತ್ತು.

"ರೋಬ್ಲೆಗೆ ಮದುವೇನೇ ಆಗಿರ್ಲಿಲ್ಲ. ಲಾರಿ ತಗೊಂಡು ಗಡಿ ಕಡೆ ಹೋದೋನು ವಾಪಸ್ ಬರ್ಲಿಲ್ಲ. ಅವನ ತಾಯಿ ಅವತ್ತಿಂದ ಕಾಯ್ತಾ ಕೂತಿದ್ದಾರೆ. ಈಗ ಹೇಳಿ, ನೀವ್ಯಾರು? ಅವನ ಹೆಸರು ನಿಮ್ಮ ಬಾಯಿಗೆ ಹೇಗೆ ಬಂತು?"

ನಾನು ಅಜ್ಜಿಯ ಕಡೆ ನೋಡಿದೆ. ಬೇವಿನ ಮರ, ನೀರಿನ ಕ್ಯಾನು ಅನ್ನುತ್ತಾಳೆಂದು ಕಾದೆ. ಅವಳು ಚಾಚಿದ್ದ ಲೋಟವನ್ನು ವಾಪಸ್ ಕಟ್ಟೆಯ ಮೇಲಿಟ್ಟಳು. ಬಷೀರ್ ಜೇಬಿನಿಂದ ಒಂದು ಖಾಲಿ ಕ್ಯಾಸೆಟ್ಟು ತೆಗೆದು ಅಡುಗೆ ಕಟ್ಟೆಯ ಮೇಲಿಟ್ಟ. ನಮ್ಮವರು ಕಾಗದ ಬರೆಯುವುದು ಕಡಿಮೆ. ಹೇಳಬೇಕಾದದ್ದನ್ನು ಕ್ಯಾಸೆಟ್ಟಿನಲ್ಲಿ ತುಂಬಿ, ಊರಿಗೆ ಹೋಗುವವರ ಕೈಯಲ್ಲಿ ಕಳಿಸುವುದು ಹಳೆಯ ರೂಢಿ. ಫೋನು ಬಂದ ಮೇಲೂ ವಯಸ್ಸಾದವರಿಗೆ ಕ್ಯಾಸೆಟ್ಟೇ ಬೇಕು. ಬೇಕಾದಾಗ ಮತ್ತೆ ಹಾಕಿ, ಮಾತಾಡುವವರ ಗಂಟಲು ಎಲ್ಲಿ ನಡುಗಿತು ಎಂದು ಕೇಳಬಹುದು. ಆ ತಾಯಿಗೆ ನಮ್ಮ ಉತ್ತರ ದನಿಯಲ್ಲೇ ಬೇಕಾಗಿತ್ತು.

ನಮ್ಮಲ್ಲಿ ಟೇಪ್ ರೆಕಾರ್ಡರ್ ಇರಲಿಲ್ಲ. ಗೌರಮ್ಮನ ಪಡಸಾಲೆಯಲ್ಲಿ ಕಸೂತಿ ಬಟ್ಟೆ ಹೊದಿಸಿಟ್ಟ ಒಂದು ಇತ್ತು, ಬೆಳಗ್ಗೆ ಅದರಲ್ಲಿ ದೇವರ ಹಾಡು ಹಾಕುತ್ತಿದ್ದರು. ಭಾನುವಾರ ಮಧ್ಯಾಹ್ನ ನಾವು ನಾಲ್ವರೂ ಅಲ್ಲಿ ಸೇರಿದೆವು. ಗೌರಮ್ಮ ತಮ್ಮ ಕ್ಯಾಸೆಟ್ಟು ತೆಗೆದು, ಕಣ್ಣಿಗೊತ್ತಿಕೊಂಡು, ಪಕ್ಕಕ್ಕಿಟ್ಟರು. ಭಾಷೆ ತಿಳಿಯದಿದ್ದರೂ ಎದ್ದು ಹೋಗಲಿಲ್ಲ. ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತಾ ನಮ್ಮ ಮುಖಗಳನ್ನು ಒಂದೊಂದಾಗಿ ನೋಡುತ್ತಿದ್ದರು. ಬಷೀರ್ ಕೆಂಪು ಗುಂಡಿ, ಪಕ್ಕದ ಗುಂಡಿ ಎರಡನ್ನೂ ಒಟ್ಟಿಗೆ ಒತ್ತಿದ. ಅಜ್ಜಿ ಸೆರಗು ಸರಿಮಾಡಿಕೊಂಡು, ಎದುರಿಗೆ ಆ ತಾಯಿಯೇ ಕೂತಿದ್ದಾಳೆಂಬಂತೆ ಯಂತ್ರಕ್ಕೆ ಹೇಳಿದಳು.

"ಕೊನೇ ತಡೆ. ಅಲ್ಲಿದ್ದೋರು ನನ್ನ ಗಂಡನ ಜನ. ನಿಮ್ಮ ಜನಕ್ಕೆ ಹಗೆಗಳು. ಅಲ್ಲಿ ನಾವು ನಮ್ಮ ಹೆಸರು ಹೇಳಿ, ರೋಬ್ಲೇನ ನನ್ನ ಸೊಸೆಯ ಅಣ್ಣ ಅನ್ಬೇಕು ಅಂತ ಮಾತಾಗಿತ್ತು. ನಾನು ಗಾಬರೀಲಿ ಬಾಯಿ ತಪ್ಪಿ ರೋಬ್ಲೆ ಹೆಸರುಗಳನ್ನ ಹೇಳ್ಬಿಟ್ಟೆ. ಅವನನ್ನ ಇಳಿಸ್ಕೊಂಡ್ರು. ಆಮೇಲೆ ನಮ್ಮ ಹೆಸರು ಹೇಳಿದ್ದಕ್ಕೆ ನಮ್ಮನ್ನ ಬಿಟ್ರು. ಹೇಳಿದ್ದು ನನ್ನ ಬಾಯಿ. ಮಗು ನಿದ್ದೆ ಮಾಡ್ತಿತ್ತು."

ಕ್ಯಾಸೆಟ್ಟು ತಿರುಗುತ್ತಲೇ ಇತ್ತು. ಬಷೀರ್ ಅಂಗೈಯಿಂದ ಮುಖ ಮುಚ್ಚಿಕೊಂಡಿದ್ದ. ಅಮ್ಮ ನೆಲ ನೋಡುತ್ತಿದ್ದಳು. ನಾನೂ ನೆಲ ನೋಡಿದೆ. ಗೌರಮ್ಮನ ಹೊಸಿಲಿನಾಚೆ ಚಪ್ಪಲಿಗಳು ಬಿದ್ದಿದ್ದವು. ಅವುಗಳಲ್ಲಿ ಯಾರದೋ ಒಂದು ನೀಲಿ ಚಪ್ಪಲಿ, ಅದರ ಪಕ್ಕ ಇನ್ಯಾರದೋ ಕಂದು ಚಪ್ಪಲಿ. ಅವೆರಡನ್ನು ಒಟ್ಟಿಗೆ ನೋಡಿದ ಕೂಡಲೇ ಆ ಕೊನೆಯ ತಡೆ ಕಣ್ಣ ಮುಂದೆ ಬಂತು. ಎಡಗಾಲಿಗೆ ನೀಲಿ, ಬಲಗಾಲಿಗೆ ಕಂದು ಚಪ್ಪಲಿ ಹಾಕಿದ್ದ ಒಬ್ಬ ಮನುಷ್ಯ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. ಯಾರ ಮಗಳು ನೀನು ಎಂದು ಕೇಳಿದ್ದ. ನಾನು ಎರಡು ದಿನದಿಂದ ಲಾರಿಯಲ್ಲಿ ಕಲಿತದ್ದನ್ನು ಒಂದೂ ತಪ್ಪದೆ ಒಪ್ಪಿಸಿ, ರೋಬ್ಲೆಯ ಅಂಗಿಯ ತುದಿ ಹಿಡಿದು, ಇವರೇ ನಮ್ಮಪ್ಪ ಅಂದಿದ್ದೆ. ಅವನು ನನ್ನ ತಲೆ ನೇವರಿಸಿ, ಭೇಷ್, ಎಷ್ಟು ಚೆನ್ನಾಗಿ ಹೇಳಿದೆ ಅಂದಿದ್ದ. ಆಮೇಲೆ ಅಂಗಿಯ ತುದಿ ನನ್ನ ಕೈಯಿಂದ ಜಾರಿತು. ನಾನು ನಿದ್ದೆ ಮಾಡುತ್ತಿರಲಿಲ್ಲ.

ಹಾಗೆಂದು ಇದನ್ನು ಪೂರ್ತಿ ನಂಬಲೂ ನನ್ನಿಂದ ಆಗಿಲ್ಲ. ನಾಲ್ಕು ವರ್ಷದ ಮಗುವಿಗೆ ಅಷ್ಟು ನೆನಪಿರುತ್ತದೆಯೇ? ಚಪ್ಪಲಿಗಳನ್ನು ಕಂಡು ನಾನೇ ಕಟ್ಟಿಕೊಂಡದ್ದಲ್ಲವೇ? ಅಜ್ಜಿಯ ಕತೆ ಕೇಳಿ ಅದರಲ್ಲಿ ನನಗೊಂದು ಜಾಗ ಮಾಡಿಕೊಂಡೆನೇ? ನನ್ನ ಮೇಲೆ ನಾನೇ ಹೂಡಿದ ಈ ಮೊಕದ್ದಮೆ ಇವತ್ತಿಗೂ ಮುಗಿದ ಹಾಗಿಲ್ಲ. ಅವತ್ತು ಮಾತ್ರ ಹಿತ್ತಲಿಗೆ ಓಡಿ ಹೋಗಿ ವಾಂತಿ ಮಾಡಿಕೊಂಡೆ. ಗೌರಮ್ಮ ಹಿಂದೆಯೇ ಬಂದು ಬೆನ್ನು ಸವರಿದರು. ಏನಾಯ್ತು ಎಂದು ಕೇಳಲಿಲ್ಲ. ಕಂಡ ಕಂಡದ್ದನ್ನೆಲ್ಲ ಕೇಳುವ ಹೆಂಗಸು ಅದೊಂದನ್ನು ಕೇಳದೆ ಬಿಟ್ಟರು.

ಮುಂದಿನ ವಾರಗಳಲ್ಲಿ ಬಷೀರ್ ಬರಲಿಲ್ಲ. ಅಜ್ಜಿ ಶುಕ್ರವಾರ ಅವನ ಪಾಲಿನ ಅನ್ನವನ್ನೂ ಹಾಕಿ, ಸಂಜೆ ಅದನ್ನು ಹಸುವಿಗೆ ಇಡುತ್ತಿದ್ದಳು. ಕೊನೆಗೊಂದು ದಿನ ಬಂದ, ಈ ಸಲ ಚಪ್ಪಲಿ ಬಿಟ್ಟು ಬಂದ. ಉತ್ತರ ಬಂದಿತ್ತು. ಮತ್ತೆ ಗೌರಮ್ಮನ ಪಡಸಾಲೆ, ಮತ್ತೆ ಕಸೂತಿ ಬಟ್ಟೆ. ಯಂತ್ರದೊಳಗೆ ಮೊದಲು ಮೇಕೆಗಳ ಸದ್ದು, ಯಾರದೋ ಕೆಮ್ಮು, ಆಮೇಲೆ ಒಬ್ಬ ಹೆಂಗಸಿನ ಒಣ ದನಿ.

"ಮುದುಕಿ, ನಿನ್ನ ಮಾತು ಕೇಳ್ದೆ. ಮೂರು ಸಲ ಹಾಕಿ ಕೇಳ್ದೆ. ನಿನ್ನನ್ನ ಕ್ಷಮಿಸೋಕೆ ನನ್ನ ಕೈಲಾಗಲ್ಲ, ಕೇಳ್ಬೇಡ. ಆದ್ರೆ ನನ್ನ ಮಗನಿಗೆ ಮಕ್ಕಳಿಲ್ಲ. ಅವನ ಹೆಸರು ಅವನ ಹತ್ರಾನೇ ನಿಂತುಹೋಯ್ತು. ಅವನಿಂದ ಶುರು ಮಾಡಿ ಹಿರೀಕರನ್ನ ಹೇಳೋ ಮಗು ಒಂದು ನಿಮ್ಮನೇಲಿದೆ ಅಂತ ಬಷೀರ್ ಹೇಳ್ದ. ಅದರ ಬಾಯಿಂದ ಒಂದ್ಸಲ ಕೇಳಿಸಿ. ಅಷ್ಟು ಮಾಡಿ."

ಕ್ಷಮಿಸಲಾರೆ ಎಂಬ ಮಾತು ಬಂದಾಗ ಅಜ್ಜಿ ಕೊಡುವುದನ್ನು ಕೊಟ್ಟು ಮುಗಿಸಿದವಳ ಹಾಗೆ ತಲೆಯಾಡಿಸಿದಳು. ಅದು ನನಗೆ ಬರಬೇಕಾಗಿದ್ದ ಮಾತು. ನನ್ನ ಮುಂದೆ ಕೂತು ಅದನ್ನು ಅವಳು ತೆಗೆದುಕೊಂಡಳು. ನನಗೆ ಅವಳ ಮೇಲೆ ಪ್ರೀತಿ ಉಕ್ಕಿ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ಬಷೀರ್ ಕ್ಯಾಸೆಟ್ಟು ತಿರುಗಿಸಿ ಹಾಕಿ ನನ್ನನ್ನು ಮುಂದಕ್ಕೆ ಕರೆದ. ಅಜ್ಜಿ ನನ್ನ ಹಿಂದೆ ಕೂತು ಶುಕ್ರವಾರದ ಹಾಗೆ ಮೊಣಕಾಲುಗಳ ನಡುವೆ ಇಟ್ಟುಕೊಂಡಳು. ಬಿಚ್ಚಿಹೋಗಿದ್ದ ಒಂದು ಜಡೆಯನ್ನು ಹಿಡಿದು, ಮೊಟ್ಟಮೊದಲ ಸಲ ಆ ರಸ್ತೆಯ ಪಟ್ಟಿಯನ್ನು ಹೇಳು ಅಂದಳು.

ನಾನು ಹೇಳಿದೆ. ಸಹ್ರಾ. ರೋಬ್ಲೆ. ಸಮತರ್. ಗೂಲೇದ್. ಲಿಬಾನ್. ಅವಾಲೆ. ದೀರಿಯೆ. ಅಲ್ಲಿಂದ ಮೇಲಿನವರನ್ನೂ, ಲಾರಿಯಲ್ಲಿ ಅವನು ಕಲಿಸಿದ ಕೊನೆಯ ಹೆಸರಿನವರೆಗೆ. ಎಲ್ಲೂ ತಡವರಿಸಲಿಲ್ಲ. ಯಾರೂ ಭೇಷ್ ಅನ್ನಲಿಲ್ಲ. ಬಷೀರ್ ಅಳುತ್ತಿದ್ದ, ಅವನನ್ನು ನೋಡಿ ಗೌರಮ್ಮನೂ ಏನೊಂದೂ ತಿಳಿಯದೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಟೇಪು ಇನ್ನೂ ತಿರುಗುತ್ತಿತ್ತು. ಈಗ ಹೇಳದಿದ್ದರೆ ಮತ್ತೆಂದೂ ಹೇಳುವುದಿಲ್ಲ ಅನ್ನಿಸಿ ನಾನು ಯಂತ್ರದ ಹತ್ತಿರಕ್ಕೆ ಬಾಗಿ ಆ ತಾಯಿಯನ್ನು ಕರೆದೆ.

"ಅಜ್ಜಿ, ಅವತ್ತು ಆ ತಡೇಲಿ ಹೇಳಿದ್ದು..."

ಹಿಂದಿನಿಂದ ನನ್ನ ಅಜ್ಜಿಯ ಕೈ ಬಂದು ಗುಂಡಿ ಒತ್ತಿತು. ಟಕ್ ಎಂದು ಟೇಪು ನಿಂತಿತು.

"ಇಷ್ಟೇನಾ?" ಗೌರಮ್ಮ ಕೇಳಿದರು.

"ಇಷ್ಟೇ," ಅಂದಳು ಅಜ್ಜಿ. ಅವಳಿಗೆ ಬರುತ್ತಿದ್ದ ನಾಲ್ಕೈದು ಕನ್ನಡದ ಮಾತುಗಳಲ್ಲಿ ಅದೊಂದು.

ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಪ್ಪನ ಹೆಸರು ರೋಬ್ಲೆ ಎಂದೇ ಇದೆ, ನಿರಾಶ್ರಿತರ ಕಾರ್ಡಿನಲ್ಲಿ ನೂರ್. ಅಫಿಡವಿಟ್ಟು ಮಾಡಿಸಿ ಸರಿಪಡಿಸಿಕೊಳ್ಳಲು ಅನೇಕರು ಹೇಳಿದರು. ಪ್ರತಿ ಕಚೇರಿಯಲ್ಲೂ ನನ್ನನ್ನು ಅನುಮಾನದಿಂದ ನೋಡುತ್ತಾರೆ, ನೋಡಲಿ. ಎರಡೂ ಪಟ್ಟಿ ನನಗೆ ಬಾಯಿಗೆ ಬರುತ್ತವೆ, ಎರಡನ್ನೂ ಬಿಡುವುದಿಲ್ಲ. ಟೇಪಿನಲ್ಲಿ ಹೇಳದೆ ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಬರೆದದ್ದು ಆ ತಾಯಿಯ ಕಡೆಯವರು ಯಾರೂ ಓದಲಾರದ ಕನ್ನಡದಲ್ಲಿ. ಇದು ಧೈರ್ಯವೋ, ಧೈರ್ಯದ ಹೆಸರಿನಲ್ಲಿ ಬಚ್ಚಿಟ್ಟುಕೊಳ್ಳುವುದೋ ಎಂದು ಕೇಳಿದರೆ, ನನಗೂ ನನ್ನ ಮೇಲೆ ಅದೇ ಗುಮಾನಿ.

ಅಜ್ಜಿ ಹಾಸಿಗೆ ಹಿಡಿದಾಗ ನಾನು ಕಾಲೇಜಿನಲ್ಲಿದ್ದೆ. ಅದೇ ಶೀಟಿನ ಮನೆ, ಗೋಡೆಯಾಚೆ ಹಸು ಬೇರೆ. ಅಷ್ಟು ಹೊತ್ತಿಗೆ ಅವಳ ಕತೆಗಳು ಪೂರ್ತಿ ಕಲಸಿಹೋಗಿದ್ದವು. ಅಪ್ಪನ ಒಂಟೆಯನ್ನು ಗೌರಮ್ಮನ ಹಸು ಎನ್ನುತ್ತಿದ್ದಳು, ನನ್ನನ್ನು ತನ್ನ ತಂಗಿ ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ಅವಳ ತಲೆ ಬಾಚುತ್ತಾ, ಈಗಲಾದರೂ ಬಾಯಿ ತಪ್ಪಿ ಬಂದೀತೆಂದು ಕೇಳಿದೆ.

"ಅಜ್ಜಿ, ಕೊನೇ ತಡೇಲಿ ಹೆಸರು ಹೇಳಿದ್ದು ಯಾರು?"

ಅವಳು ಕಣ್ಣು ತೆರೆಯಲಿಲ್ಲ. ಆದರೆ ದನಿ ಒಮ್ಮೆಲೇ ಗಟ್ಟಿಯಾಯಿತು.

"ಕೊನೇ ತಡೆ. ಅಲ್ಲಿದ್ದೋರು ನನ್ನ ಗಂಡನ ಜನ. ನಾನು ಗಾಬರೀಲಿ ಬಾಯಿ ತಪ್ಪಿ ರೋಬ್ಲೆ ಹೆಸರುಗಳನ್ನ ಹೇಳ್ಬಿಟ್ಟೆ. ಹೇಳಿದ್ದು ನನ್ನ ಬಾಯಿ. ಮಗು ನಿದ್ದೆ ಮಾಡ್ತಿತ್ತು."

ತನ್ನ ಹೆಸರನ್ನೂ ಮರೆತಿದ್ದ ಅಜ್ಜಿ ಇದನ್ನು ಅದೇ ಮಾತುಗಳಲ್ಲಿ ಹೇಳಿದಳು. ನಾನು ಬಾಚಣಿಗೆ ಕೆಳಗಿಟ್ಟು ಅವಳ ಕೈ ಹಿಡಿದುಕೊಂಡೆ. ಮತ್ತೆ ಕೇಳಲಿಲ್ಲ.